ಖಂಡೆ ಪೂಜೆಯ ದಿನ ನಾನು ಒತ್ತಿದ ಗುಂಡಿ

ಆ ಕಾರ್ಖಾನೆಯಲ್ಲಿ ಯಂತ್ರದ ಒಳಗೆ ಹೋದ ಮನುಷ್ಯನ ಜೀವ ಉಳಿಸಲು ಇದ್ದ ವ್ಯವಸ್ಥೆ ಎಂದರೆ ಒಂದು ಸ್ಪ್ಯಾನರು. ಯಂತ್ರ ಚಾಲೂ ಮಾಡುವವನು ಸ್ಪ್ಯಾನರಿನಿಂದ ಕಬ್ಬಿಣದ ಚೌಕಟ್ಟಿಗೆ ಮೂರು ಸಲ ಬಡಿಯಬೇಕು, "ಒಳಗ ಯಾರರೆ ಅದೀರೇನು" ಎಂದು ಒದರಬೇಕು, ಸ್ವಲ್ಪ ಹೊತ್ತು ಕಾಯಬೇಕು. ಉತ್ತರ ಬಾರದಿದ್ದರೆ ಗುಂಡಿ ಒತ್ತುವುದು. ಯಂತ್ರದ ಉದ್ದ ಎಪ್ಪತ್ತು ಮೀಟರ್. ಆ ತುದಿಯಲ್ಲಿ ಗ್ರೈಂಡರ್ ಹಿಡಿದು ಕೂತವನಿಗೆ ಈ ತುದಿಯ ಬಡಿತ ಕೇಳುತ್ತದೆಂದು ಯಾರು ಹೇಳಿದರು? ಎರಡನೇ ದಿನವೇ ಅದನ್ನು ನೋಡಿ ನನ್ನ ತಲೆ ಕೆಟ್ಟುಹೋಯಿತು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಗೆ, ರದ್ದಿ ಕಾಗದ ಅರೆದು ರಟ್ಟು ಮಾಡುವ ಸಣ್ಣ ಕಾರ್ಖಾನೆ ಅದು. ಹಳೆಯ ರಿಲೇ ಪ್ಯಾನಲ್ ಕಿತ್ತು ಯಂತ್ರವನ್ನು ಕಂಪ್ಯೂಟರ್ ನಿಯಂತ್ರಣಕ್ಕೆ ತರುವ ಕೆಲಸ ಹುಬ್ಬಳ್ಳಿಯ ನಮ್ಮ ಆಟೊಮೇಶನ್ ಕಂಪನಿಗೆ ಸಿಕ್ಕಿತ್ತು. ಅಲ್ಲಿಯವರೆಗೆ ನಮ್ಮಲ್ಲಿ ಹೆಣ್ಣುಮಕ್ಕಳು ಕಚೇರಿಯಲ್ಲಿ ಕೂತು ಪ್ರೋಗ್ರಾಂ ಬರೆಯುವುದು, ಗಂಡಸರು ಅದನ್ನು ಒಯ್ದು ಸೈಟಿನಲ್ಲಿ ಕೂರಿಸಿ ಹೆಸರು ತೆಗೆದುಕೊಳ್ಳುವುದು ರೂಢಿ. ಈ ಸಲ ನಾನು ಜಗಳ ಮಾಡಿ ಸೈಟಿಗೆ ಬಂದಿದ್ದೆ. ಕೆಲಸ ಮುಗಿಸಿ ಒಪ್ಪಿಸಿದರೆ ಪ್ರಾಜೆಕ್ಟ್ ವಿಭಾಗದ ಮುಖ್ಯಸ್ಥೆ ನೀನೇ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರು. ಕಾಗದದಲ್ಲಿ ಮಾತ್ರ ಸೈಟ್ ಇನ್‌ಚಾರ್ಜ್ ಎಂಬಲ್ಲಿ ತಮ್ಮ ಹೆಸರನ್ನೇ ಬರೆದಿದ್ದರು. ಹೆಣ್ಣಿನ ಹೆಸರು ಕಂಡರೆ ಕಾರ್ಖಾನೆಯವರು ಕಿರಿಕಿರಿ ಮಾಡುತ್ತಾರಂತೆ.

ನಾನು ಹಳಿಯಾಳದ ಪೇಟೆಯಲ್ಲಿ ಹನ್ನೆರಡು ಬೀಗ ಕೊಂಡು ಕೆಂಪು ಬಣ್ಣ ಬಳಿಸಿದೆ. ಒಂದೊಂದರ ಮೇಲೂ ಒಬ್ಬೊಬ್ಬ ಕೆಲಸಗಾರನ ಹೆಸರು ಬರೆಸಿದೆ. ಯಂತ್ರದೊಳಗೆ ಹೋಗುವವನು ಮೊದಲು ಕರೆಂಟಿನ ದೊಡ್ಡ ಹಿಡಿಕೆಯನ್ನು ಕೆಳಗಿಳಿಸಬೇಕು, ಅದಕ್ಕೆ ತನ್ನ ಬೀಗ ಜಡಿದು ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಬೀಗ ಇರುವ ತನಕ ಹಿಡಿಕೆ ಮೇಲೇಳದು, ನನ್ನ ಪರದೆಯ ಮೇಲೆ ದೀಪ ಕೆಂಪಗೇ ಇರುತ್ತದೆ. ಹಾಕಿದವನೇ ತೆಗೆಯಬೇಕು, ಬೇರೆಯವರು ಮುಟ್ಟಬಾರದು. ಇದರ ಜೊತೆಗೆ ನನ್ನ ಸಹಿಯ ಪರ್ಮಿಟ್ ಚೀಟಿ: ಒಂದು ಪ್ರತಿ ಒಳಹೋಗುವವನ ಜೇಬಿನಲ್ಲಿ, ಕಾರ್ಬನ್ ಪ್ರತಿ ನನ್ನ ಪುಸ್ತಕದಲ್ಲಿ. ಸ್ಪ್ಯಾನರ್ ಬಡಿಯುವುದನ್ನು ಬಂದ್ ಮಾಡಿಸಿದೆ. ಬಡಿತದ ಮೇಲೆ ಭರವಸೆ ಇಟ್ಟವರು ಬೀಗ ಹಾಕುವುದಿಲ್ಲ ಎಂಬುದು ನನ್ನ ವಾದ.

ಒಂದು ವಾರ ಯುದ್ಧವೇ ನಡೆಯಿತು. ಕೀಲಿಕೈ ಕಳೆದುಕೊಂಡ ಒಬ್ಬ ಸುತ್ತಿಗೆಯಿಂದ ತನ್ನ ಬೀಗ ಒಡೆಯುತ್ತಿದ್ದ. ನಾನು ಸುತ್ತಿಗೆ ಕಸಿದು ರದ್ದಿ ಅರೆಯುವ ಹೊಂಡಕ್ಕೆ ಎಸೆದೆ. ಅವನು ನನ್ನ ತೋಳು ಹಿಡಿದು ತಳ್ಳಿದ, ನಾನೂ ತಳ್ಳಿದೆ. ಅದಾದ ಮೇಲೆ ಒಂದು ತಪ್ಪು ಮಾಡಿದೆ. ಬೀಗಗಳ ಜೊತೆ ಬಂದ ಎರಡನೇ ಕೀಲಿಕೈಗಳನ್ನು ನಾಶ ಮಾಡಬೇಕೆಂಬ ನಿಯಮ ನನಗೆ ಗೊತ್ತಿತ್ತು. ಪದೇಪದೇ ಬೀಗ ಒಡೆಯುವ ಗೋಳು ಬೇಡವೆಂದು ಅವನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಕಿ ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ.

ಕಾರ್ಖಾನೆಯ ಫೋರ್‌ಮನ್ ಧಾರವಾಡ ಕಡೆಯವರು, ಐವತ್ತೈದು ದಾಟಿದವರು. ನಾನು ಕಾಕಾ ಎನ್ನುತ್ತಿದ್ದೆ. ನನ್ನ ಬೀಗಗಳನ್ನು ಅವರು ಕೋಳಿಗೂಡಿನ ಕೀಲಿ ಎಂದು ಆಡಿಕೊಳ್ಳುತ್ತಿದ್ದರು, ಆದರೆ ಬೇರೆ ಗಂಡಸರು ನನ್ನೆದುರು ಬಾಯಿ ಸಡಿಲ ಬಿಟ್ಟರೆ ಗದರಿಸುತ್ತಿದ್ದವರೂ ಅವರೇ. ಬೀಗದ ನಿಯಮವನ್ನು ಮೊದಲ ದಿನದಿಂದ ಚಾಚೂ ತಪ್ಪದೆ ಪಾಲಿಸಿದವರು ಒಬ್ಬರೇ, ದಾಂಡೇಲಿಯ ಫಿಟರ್. ನಲವತ್ತರ ಆಸುಪಾಸಿನ ಮುಸಲ್ಮಾನರು, ಕಡಿಮೆ ಮಾತು. ಸ್ಪ್ಯಾನರುಗಳ ಚೀಲವನ್ನು ಮನೆಯಿಂದಲೇ ತರುತ್ತಿದ್ದರು, ಕಾರ್ಖಾನೆಯ ಹತಾರಗಳನ್ನು ಮುಟ್ಟುತ್ತಿರಲಿಲ್ಲ. ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ವಯಸ್ಸಿನಲ್ಲಿ ನಾನು ಚಿಕ್ಕವಳಾದರೂ.

ಖಂಡೆ ಪೂಜೆ, ಅಂದರೆ ಆಯುಧಪೂಜೆಯ ಹಿಂದಿನ ಸಂಜೆ ಎರಡು ಸಂಗತಿ ನಡೆದವು. ಫಿಟರ್ ಬಂದು, ಒಣಗಿಸುವ ಸಿಲಿಂಡರಿನ ಬ್ಲೇಡು ಕೂರಿಸುವುದು ಬಾಕಿ ಇದೆ, ನಾಳೆ ನಿಮಗೆಲ್ಲ ಹಬ್ಬ, ನನಗೆ ಕೈ ಖಾಲಿ, ಬೆಳಿಗ್ಗೆ ಬಂದು ಹತ್ತರೊಳಗೆ ಮುಗಿಸುತ್ತೇನೆ ಎಂದರು. ನಾನು ಹತ್ತು ಗಂಟೆಯವರೆಗೆ ಪರ್ಮಿಟ್ ಬರೆದು ಸಹಿ ಮಾಡಿದೆ. ಪೂಜೆಯ ಓಡಾಟದಲ್ಲಿದ್ದ ಫೋರ್‌ಮನ್‌ಗೆ ಇದನ್ನು ಹೇಳಲಿಲ್ಲ.

ಅರ್ಧ ಗಂಟೆಯ ನಂತರ ಫೋರ್‌ಮನ್ ಬಂದು, "ಮೇಡಮ್ಮಾರ, ಈ ವರ್ಷ ನಿಮ್ಮ ಕೀಲಿನೂ ಹತಾರನ ಆದವು. ಕೀಲಿಕೈ ಪೆಟ್ಟಿಗಿ ಕೊಡ್ರಿ, ದೇವಿ ಮುಂದ ಇಡೂಣು" ಎಂದರು.

ಸತ್ಯ ಹೇಳುತ್ತೇನೆ, ನನಗೆ ಹಿಗ್ಗಾಯಿತು. ಕೋಳಿಗೂಡಿನ ಕೀಲಿ ಎಂದವರ ಬಾಯಲ್ಲಿ ಇವತ್ತು ಹತಾರ. ಹನ್ನೆರಡು ದಿನ ಬೇಡ, ಆಗದು, ಮುಟ್ಟಬೇಡಿ ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು. ಒಮ್ಮೆಯಾದರೂ ಹೂಂ ಅನ್ನಬೇಕೆನಿಸಿತು. ಖಾನೆ ತೆಗೆದು ಪೆಟ್ಟಿಗೆ ಕೊಟ್ಟುಬಿಟ್ಟೆ.

ಮರುದಿನ ಹನ್ನೊಂದು ಗಂಟೆಗೆ ಪ್ಯಾನಲ್ ಕೋಣೆಯ ಮುಂದೆ ಪೂಜೆ. ಬಾಳೆ ಎಲೆಯ ಮೇಲೆ ಸ್ಪ್ಯಾನರು, ಸುತ್ತಿಗೆ, ಹ್ಯಾಕ್ಸಾ, ಜಾಕು. ನಡುವೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡ ನನ್ನ ಕೆಂಪು ಬೀಗಗಳು. ಹನ್ನೆರಡೂ ಅಲ್ಲಿದ್ದವು. ಒಳಗೆ ಹೋಗಿ ಪರದೆ ನೋಡಿದೆ, ದೀಪ ಹಸಿರು. ಗಂಟೆ ಹತ್ತು ದಾಟಿ ಒಂದು ತಾಸಾಗಿದೆ, ಬೀಗ ತೆಗೆದಿದೆ, ಅಂದರೆ ಫಿಟರ್ ಕೆಲಸ ಮುಗಿಸಿ ಹೋಗಿದ್ದಾರೆ. ನನ್ನ ಲೆಕ್ಕದಲ್ಲಿ ಎಲ್ಲಿಯೂ ತೂತು ಇರಲಿಲ್ಲ. ಫೋರ್‌ಮನ್ ಕಳಿಸಿದ ಆಳು ಬೆಳಿಗ್ಗೆ ಆ ಪೆಟ್ಟಿಗೆಯ ಕೀಲಿಕೈಯಿಂದ ಹಿಡಿಕೆಯ ಮೇಲಿದ್ದ ಬೀಗವನ್ನೂ ತೆಗೆದು ತಂದಿದ್ದ. ಕರೆಂಟು ಬೇಕಲ್ಲ ಎಂದು ಹಿಡಿಕೆಯನ್ನೂ ಮೇಲೆತ್ತಿದ್ದ. ಹಬ್ಬದ ರಜೆ, ಫಿಟರ್ ನಿನ್ನೆ ಮರೆತು ಹೋದದ್ದು ಎಂದುಕೊಂಡಿದ್ದ. ಇದು ನನಗೆ ತಿಳಿದದ್ದು ಆಮೇಲೆ.

ಪೂಜೆ ಮುಗಿದ ಮೇಲೆ ಯಂತ್ರವನ್ನು ಒಂದು ಸುತ್ತು ತಿರುಗಿಸುವುದು ಅಲ್ಲಿಯ ಪದ್ಧತಿ. ಯಾವಾಗಲೂ ಫೋರ್‌ಮನ್ ಮಾಡುವ ಕೆಲಸ. ಈ ಸಲ ಅವರು ಎಲ್ಲರೆದುರು, "ಗುಂಡಿ ಮೇಡಮ್ಮಾರ ಒತ್ತಲಿ. ಹೊಸಾ ಜೀವಾ ಕೊಟ್ಟಾಕಿ ಅವರ" ಎಂದರು. ಚಪ್ಪಾಳೆ ಬಿತ್ತು. ಹಳೆಯ ಆಪರೇಟರ್ ಒಬ್ಬ ಅಭ್ಯಾಸಬಲದಿಂದ ಬಡಿಯಲು ಸ್ಪ್ಯಾನರಿಗಾಗಿ ಸುತ್ತ ನೋಡಿದ. ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಎಲೆಯ ಮೇಲಿದ್ದವು. ಪೂಜೆಗೆ ಇಟ್ಟ ಹತಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಅವನ ಪೇಚಾಟ ನೋಡಿ ನನಗೆ ನಗು ಬಂತು. ಬಡಿಯುವುದು ಬೇಕಿಲ್ಲ, ದೀಪ ಹಸಿರಿದೆ ಎಂದು ನಗುತ್ತಲೇ ಗುಂಡಿ ಒತ್ತಿದೆ.

ಮೊದಲು ಹತ್ತು ಸೆಕೆಂಡು ಭೋಂಗಾ, ಅಂದರೆ ಸೈರನ್, ಒದರುತ್ತದೆ. ಆ ಎಚ್ಚರಿಕೆಯನ್ನು ನಾನೇ ಪ್ರೋಗ್ರಾಮಿಗೆ ಸೇರಿಸಿದ್ದೆ. ಜಾಗಟೆ, ಗಂಟೆ, ಭೋಂಗಾ ಎಲ್ಲ ಸೇರಿ ಕಿವಿ ಕಿತ್ತುಹೋಗುವಂತಾಯಿತು. ಆಮೇಲೆ ರೋಲುಗಳು ತಿರುಗಿದವು. ಅರ್ಧ ಸುತ್ತು ಆಗಿರಬೇಕು, ಆ ತುದಿಯಿಂದ ಒಂದು ಸದ್ದು ಬಂತು. ಅದನ್ನು ಕೂಗು ಎಂದು ಹೇಳಲಾರೆ, ಮನುಷ್ಯನದೆಂದು ಮಾತ್ರ ಗೊತ್ತಾಯಿತು. ಸ್ಟಾಪ್ ಗುಂಡಿಯನ್ನು ಮುಷ್ಟಿಯಿಂದ ಗುದ್ದಿ ಓಡಿದೆ.

ಫಿಟರ್‌ನ ಬಲಗೈ ಫೆಲ್ಟ್ ರೋಲು ಮತ್ತು ಸಿಲಿಂಡರಿನ ನಡುವೆ ಮೊಳಕೈ ಮೇಲಿನ ತನಕ ಹೋಗಿತ್ತು. ಮುಖ ಕಬ್ಬಿಣಕ್ಕೆ ಅಂಟಿಕೊಂಡಿತ್ತು, ಕಿವಿಯ ಹತ್ತಿರದ ಚರ್ಮ ಸುಲಿದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಯಂತ್ರ ನಿಂತಿತ್ತು, ಕೈಯನ್ನು ಬಿಟ್ಟಿರಲಿಲ್ಲ. ಯಾರೋ ಉಲ್ಟಾ ತಿರುಗಿಸಿ ಎಂದು ಕಿರುಚಿದರು. ನಾನು ಬೇಡವೆಂದೆ. ಉಲ್ಟಾ ತಿರುಗಿಸುವ ಪ್ರೋಗ್ರಾಂ ಬರೆದವಳು ನಾನೇ, ಆದರೆ ಆ ಯಂತ್ರದ ಮೇಲೆ ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಒಂದು ಜರ್ಕು ಹೊಡೆದರೆ ಕೈ ಭುಜದಿಂದ ಕಿತ್ತುಬರುತ್ತದೆ. ರೋಲಿನ ಬೇರಿಂಗ್ ಬೋಲ್ಟು ಬಿಚ್ಚಿ ಜಾಕು ಕೊಟ್ಟು ಎತ್ತಬೇಕು. ಫೋರ್‌ಮನ್ ಓಡಿಹೋಗಿ ಪೂಜೆಯನ್ನು ಕಾಲಿನಿಂದ ಒದ್ದು, ಹೂವು ಕುಂಕುಮ ಸಮೇತ ಸ್ಪ್ಯಾನರು ಸುತ್ತಿಗೆ ಬಾಚಿಕೊಂಡು ಬಂದರು.

ನಾಲ್ಕು ಬೋಲ್ಟುಗಳು. ಎರಡು ಬಿಚ್ಚಿದವು. ಮೂರನೆಯದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಫೋರ್‌ಮನ್ ಸ್ಪ್ಯಾನರಿನ ಹಿಡಿಗೆ ಸುತ್ತಿಗೆಯಿಂದ ಹೊಡೆಯತೊಡಗಿದರು. ಒಂದೊಂದು ಹೊಡೆತವೂ ಕಬ್ಬಿಣದ ಮೂಲಕ ಫಿಟರ್‌ನ ಎಲುಬಿಗೆ ತಾಗುತ್ತಿತ್ತು, ಒಂದೊಂದಕ್ಕೂ ಅವರು ಅರಚುತ್ತಿದ್ದರು. ನಿಲ್ಲಿಸಿ ಎಂದು ನನ್ನ ಬಾಯಿಗೆ ಬರುತ್ತಿತ್ತು. ಹೊಡೆಯಿರಿ ಕಾಕಾ ಎಂದು ಹೇಳುತ್ತಿದ್ದೆ. ಫಿಟರ್‌ನ ತಲೆಯನ್ನು ನನ್ನ ತೊಡೆಯ ಮೇಲೆ ಒತ್ತಿ ಹಿಡಿದಿದ್ದೆ. ಅವರು ನನ್ನ ಮಣಿಕಟ್ಟನ್ನು ಕಚ್ಚಿ ಹಿಡಿದರು, ನಾನು ಬಿಡಿಸಿಕೊಳ್ಳಲಿಲ್ಲ. ರೋಲು ಎರಡು ಬೆರಳಿನಷ್ಟು ಎದ್ದಾಗ ಎಳೆದೆವು. ಹೊರಬಂದದ್ದು ರಟ್ಟಿನಂತೆ ಚಪ್ಪಟೆಯಾಗಿತ್ತು. ಒಬ್ಬ ಕೆಲಸಗಾರ ಅಲ್ಲೇ ವಾಂತಿ ಮಾಡಿಕೊಂಡ.

ಧಾರವಾಡದ ಆಸ್ಪತ್ರೆಗೆ ವ್ಯಾನು ಹೊರಟ ಮೇಲೆ ಫೋರ್‌ಮನ್ ನೆಲದ ಮೇಲೆ ಕುಸಿದು ಕೂತು, ಇವತ್ತು ರಜೆ, ಅವನು ಯಾಕೆ ಒಳಗೆ ಹೋದ ಎಂದು ಗೊಣಗಿದರು. ನಾನು ಅವರ ಕೆನ್ನೆಗೆ ಬಾರಿಸಿದೆ. ತಂದೆಯ ವಯಸ್ಸಿನ ಮನುಷ್ಯನಿಗೆ, ಅವರ ಕೈಕೆಳಗಿನವರ ಎದುರು. ಅದು ಅನ್ಯಾಯದ ಹೊಡೆತ. ಫಿಟರ್ ಒಳಗೆ ಹೋದದ್ದು ಯಾಕೆಂದು ಗೊತ್ತಿದ್ದವಳು ನಾನೊಬ್ಬಳೇ.

ಮಧ್ಯಾಹ್ನ ಮೂರಕ್ಕೆ ದಾಂಡೇಲಿಯಿಂದ ಎರಡು ಟೆಂಪೋ ತುಂಬ ಜನ ಬಂದರು, ಫಿಟರ್‌ನ ಓಣಿಯವರು, ನೆಂಟರು. ಗೇಟು ಮುರಿದು ಒಳಬಂದು ಪ್ಯಾನಲ್ ಕೋಣೆಯ ಗಾಜು ಒಡೆದರು. ಹದಿಮೂರು ದಿನ ಒಂದೊಂದಾಗಿ ಜೋಡಿಸಿದ ವಾಯರುಗಳನ್ನು ಹಿಡಿಹಿಡಿಯಾಗಿ ಕಿತ್ತು ಎಸೆದರು. ಮಾನಿಟರ್ ನನ್ನ ಕಾಲ ಬುಡದಲ್ಲಿ ಬಂದು ಬಿತ್ತು. ಫೋರ್‌ಮನ್‌ರನ್ನು ಪೈಪಿನಿಂದ ಹೊಡೆದರು, ಅವರು ಕೈ ಅಡ್ಡ ಮಾಡಲೇ ಇಲ್ಲ. ನನ್ನನ್ನು ಗಂಡಸರು ಮುಟ್ಟಲಿಲ್ಲ. ಒಬ್ಬ ಹೆಂಗಸು ಜನರನ್ನು ಸೀಳಿಕೊಂಡು ಬಂದಳು. ಗುಂಡಿ ಒತ್ತಿದ್ದು ಯಾರು ಎಂದು ಕೇಳಿದಳು. ನಾನೇ ಎಂದೆ. ಕೈಯಲ್ಲಿದ್ದ ಸ್ಟೀಲ್ ಡಬ್ಬಿಯಿಂದ ಮುಖಕ್ಕೆ ಅಪ್ಪಳಿಸಿದಳು, ಜುಟ್ಟು ಹಿಡಿದು ಕೆಳಗೆ ಕೆಡವಿದಳು, ಮತ್ತೆ ಹೊಡೆದಳು. ಫಿಟರ್‌ನ ಹೆಂಡತಿ ಆಕೆ. ನನ್ನ ಮೂಗು ಮುರಿಯಿತು. ಪೊಲೀಸರು ಬಂದಾಗ ನಾನು ಪರ್ಮಿಟ್ ಪುಸ್ತಕದ ಮೇಲೆ ಬೋರಲು ಬಿದ್ದಿದ್ದೆ. ಉಳಿಸಲೆಂದು ಬಿದ್ದೆನೋ, ಅಡಗಿಸಲೆಂದೋ, ಇಂದಿಗೂ ಗೊತ್ತಿಲ್ಲ.

ಮರುದಿನ ಹುಬ್ಬಳ್ಳಿಯಿಂದ ಮ್ಯಾನೇಜರ್ ಬಂದರು. ನನ್ನ ಮೂಗಿನ ಪಟ್ಟಿ ನೋಡಿ ಚಹಾ ತರಿಸಿದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. "ನೀ ಬರೇ ಗುಂಡಿ ಒತ್ತಿದಾಕಿ. ಫಂಕ್ಷನ್‌ದಾಗ ದೀಪ ಹಚ್ಚಾಕ ಹೆಣ್ಣಮಕ್ಕಳನ್ನ ಕರೀತಾರಲ್ಲ, ಹಂಗ. ಇನ್‌ಚಾರ್ಜ್ ನೀ ಅಲ್ಲ, ಕಾಗದದಾಗೂ ಇಲ್ಲ. ಕೀಲಿ ತಗದದ್ದು ಅವರ ಆಳು. ಆ ಫಿಟರ್ ಪರ್ಮಿಟ್ ಇಲ್ಲದ ಒಳಗ ಹೊಕ್ಕಿದ್ದ. ಆ ಪುಸ್ತಕ ಗದ್ಲದಾಗ ಹರದಹೋತು ಅಂತ ಬರಿ, ಮುಗೀತು."

ಫಿಟರ್‌ನ ಜೇಬಿನಲ್ಲಿದ್ದ ಚೀಟಿಯನ್ನು ಆಸ್ಪತ್ರೆಯವರು ರಕ್ತದ ಅಂಗಿಯ ಜೊತೆ ಕತ್ತರಿಸಿ ಎಸೆದಿದ್ದರು. ಉಳಿದದ್ದು ನನ್ನ ಕಾರ್ಬನ್ ಪ್ರತಿ ಒಂದೇ. ಅದಿಲ್ಲದಿದ್ದರೆ ಆ ಮನುಷ್ಯ ಹಬ್ಬದ ದಿನ ಹೇಳದೆ ಕೇಳದೆ ಯಂತ್ರಕ್ಕೆ ನುಗ್ಗಿದವನಾಗುತ್ತಾನೆ. ಚಿಕಿತ್ಸೆಯ ಹೊಣೆ ಇಲ್ಲ, ಪರಿಹಾರ ಇಲ್ಲ, ಹೆಂಡತಿಗೆ ಕೆಲಸವೂ ಇಲ್ಲ. ಅದಿದ್ದರೆ, ಒಳಗೆ ಮನುಷ್ಯ ಇದ್ದಾನೆಂದು ಗೊತ್ತಿದ್ದೂ ಒಮ್ಮೆ ಕರೆದು ನೋಡದೆ ಯಂತ್ರ ತಿರುಗಿಸಿದವಳು ನಾನಾಗುತ್ತೇನೆ. ಮುಖ್ಯಸ್ಥೆಯ ಹುದ್ದೆಯ ಆದೇಶ ತಯಾರಾಗಿದೆ ಎಂದು ಹೋಗುವಾಗ ಮ್ಯಾನೇಜರ್ ಹೇಳಿಹೋದರು.

ಅದೇ ದಿನ ಕಚೇರಿಯಿಂದ ನನ್ನ ಕೈಕೆಳಗಿನ ಹುಡುಗಿಯರಲ್ಲಿ ಒಬ್ಬಳು ಫೋನ್ ಮಾಡಿದಳು. ಜೋಯಿಡಾದವಳು, ಒಳ್ಳೆಯ ಪ್ರೋಗ್ರಾಮರ್, ಮುಂದಿನ ಸೈಟು ಅವಳದೆಂದು ನಾನೇ ಮಾತು ಕೊಟ್ಟಿದ್ದೆ. ಅಳುತ್ತಿದ್ದಳು. "ಅಕ್ಕಾ, ನೀವು ತಪ್ಪ ಒಪ್ಪಿಕೊಂಡ್ರ ಇವರು ನಮ್ಮನ್ನ ಎಂದೂ ಸೈಟಿಗೆ ಕಳ್ಸಂಗಿಲ್ಲ. ಗಂಡಸರು ಮಾಡಿದ್ರ ಅಪಘಾತ ಅಂತಾರ, ನಾವು ಮಾಡಿದ್ರ ಹೆಣ್ಣಮಕ್ಕಳು ಅಂತಾರ." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಫೋನ್ ಇಟ್ಟೆ. ಎರಡು ದಿನ ಆ ಪುಸ್ತಕವನ್ನು ಬ್ಯಾಗಿನಿಂದ ತೆಗೆಯುವುದು, ಮತ್ತೆ ಒಳಗಿಡುವುದು, ಇದೇ ಆಯಿತು. ಒಮ್ಮೆ ಆ ಹಾಳೆಯ ಅಂಚನ್ನು ಚೂರು ಹರಿದೂ ನೋಡಿದೆ. ಅಷ್ಟು ಸಲೀಸಾಗಿ ಹರಿಯುತ್ತದೆಂದು ತಿಳಿದು ನನಗೇ ಹೆದರಿಕೆಯಾಯಿತು.

ಮೂರನೇ ದಿನ ಧಾರವಾಡಕ್ಕೆ ಹೋದೆ. ಹೆಂಡತಿ ಔಷಧ ತರಲು ಹೊರಗೆ ಹೋಗಿದ್ದ ಹೊತ್ತು. ಫಿಟರ್‌ನ ಕೈಯನ್ನು ಭುಜದ ಹತ್ತಿರಕ್ಕೆ ಕತ್ತರಿಸಿದ್ದರು. ಮುಖ ಊದಿತ್ತು. ನಾನು ಬಂದವಳು ಕ್ಷಮೆ ಕೇಳಬೇಕೆಂದು ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಅದಕ್ಕೂ ಮೊದಲು ಅವರೇ ಮಾತಾಡಿದರು.

"ಪರ್ಮಿಟ್ ಇರಲಿಲ್ಲ ಅಂತಾರಂತ, ಅಕ್ಕಾರ. ನೀವ ಸಹಿ ಮಾಡಿ ಕೊಟ್ಟಿದ್ರೆಲ್ಲ?"

"ಮಾಡಿದ್ದೆ. ತಡಾ ಆತು, ಹತ್ತಕ್ಕ ಬರ್ಲಿಲ್ಲ ನೀವು."

"ಒಂದು ಬೋಲ್ಟ್ ಕುಂದರವಲ್ತಾಗಿತ್ತು. ಅರ್ಧಾ ಬಿಟ್ಟು ಬಂದ್ರ ಬ್ಲೇಡ್ ಕೆಳಗ ಬಿದ್ದು ಯಾರಿಗರೆ ಹತ್ತೂದು. ಭೋಂಗಾ ಆದ ಕೂಡಲೆ ಕೈ ಜಗ್ಗಿದೆ, ಸಂದ್ಯಾಗ ಸಿಕ್ಕೊಂಡಿತ್ತು, ಒದರಿದೆ. ಎಷ್ಟ ಒದರಿದೆ ಅಂತೇನಿ. ನಿಮಗ ಕೇಳಲಿಲ್ಲ. ಅದಕ್ಕೂ ಮೊದಲ ನೀವು ನಗೂದು ನನಗ ಕೇಳಿಸಿತ್ತು" ಎಂದರು.

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನೆನಪಿದ್ದದ್ದನ್ನು ಹೇಳಿದರು, ಅಷ್ಟೇ. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಮುಷ್ಟಿಯಿಂದ ಗುದ್ದಿದೆ, ಬೆರಳ ಗೆಣ್ಣು ಒಡೆಯುವ ತನಕ. ಅಲ್ಲಿದ್ದ ಕಾವಲುಗಾರ ನನ್ನನ್ನು ಹುಚ್ಚಿ ಎಂದುಕೊಂಡು ಪಕ್ಕಕ್ಕೆ ಕೂರಿಸಿದ.

ವಿಚಾರಣೆ ನಡೆದದ್ದು ಕಾರ್ಖಾನೆಯ ಊಟದ ಹಾಲ್‌ನಲ್ಲಿ. ಹೊರಗಿನಿಂದ ಕರೆಸಿದ ವಿಚಾರಣಾಧಿಕಾರಿ, ಕಾರ್ಖಾನೆಯವರು, ನಮ್ಮ ಮ್ಯಾನೇಜರ್, ತಲೆಗೆ ಪಟ್ಟಿ ಕಟ್ಟಿದ ಫೋರ್‌ಮನ್. ಬಾಗಿಲ ಹತ್ತಿರದ ಬೆಂಚಿನ ಮೇಲೆ ಫಿಟರ್‌ನ ಹೆಂಡತಿ. ಅಧಿಕಾರಿ ಮೊದಲು ಕೇಳಿದ್ದು ಆ ದಿನ ಸೈಟಿನ ಹೊಣೆ ಯಾರದಿತ್ತು ಎಂದು. ಮ್ಯಾನೇಜರ್ ಕಾಗದ ಮುಂದೆ ಮಾಡಿ, ಹೆಸರು ತನ್ನದು, ಆದರೆ ತಾನು ಹುಬ್ಬಳ್ಳಿಯಲ್ಲಿದ್ದೆ, ಹಾಗಾಗಿ ಅಲ್ಲಿಯ ಹೊಣೆ ಫೋರ್‌ಮನ್‌ರದು, ಈ ಮೇಡಂ ಪ್ರೋಗ್ರಾಂ ನೋಡಿಕೊಳ್ಳಲು ಬಂದವರು ಎಂದು ಹೇಳಿದರು. ಫೋರ್‌ಮನ್ ತಲೆ ಎತ್ತಲಿಲ್ಲ. ನಾಲ್ಕು ದಿನದಲ್ಲಿ ಆ ಮನುಷ್ಯ ಇಪ್ಪತ್ತು ವರ್ಷ ಮುದುಕರಾಗಿದ್ದರು. ಸುಮ್ಮನೆ ಕೂತಿದ್ದರೆ ಸಾಕಿತ್ತು, ನಾನು ಪಾರಾಗುತ್ತಿದ್ದೆ.

ನಾನು ಎದ್ದು ನಿಂತು ಹೇಳಿದೆ. "ಸೈಟಿನ ಇನ್‌ಚಾರ್ಜ್ ನಾನ ಇದ್ದೆ ಸರ್. ಇವರ್ಯಾರೂ ಅಲ್ಲ."

ಮ್ಯಾನೇಜರ್ ನನ್ನ ಕುಪ್ಪಸದ ತೋಳು ಹಿಡಿದು ಜಗ್ಗಿದರು. ಕೈ ಕೊಡವಿದ ಜೋರಿಗೆ ಅವರ ಚಹಾದ ಕಪ್ಪು ಕೆಳಗೆ ಬಿದ್ದು ಒಡೆಯಿತು. ಪುಸ್ತಕ ತೆಗೆದು ಅಧಿಕಾರಿಯ ಮುಂದಿಟ್ಟೆ. ಪರ್ಮಿಟ್ ಬರೆದದ್ದು ನಾನು, ಫೋರ್‌ಮನ್‌ಗೆ ತಿಳಿಸದಿದ್ದದ್ದು ನಾನು, ನಾಶ ಮಾಡಬೇಕಿದ್ದ ಕೀಲಿಕೈಗಳನ್ನು ಇಟ್ಟುಕೊಂಡು ಪೂಜೆಗೆಂದು ಕೊಟ್ಟದ್ದು ನಾನು, ಬಡಿಯಲು ಹೋದವನನ್ನು ತಡೆದದ್ದು ನಾನು. ಬೀಗ ತೆಗೆಸಿದ ತಪ್ಪು ಫೋರ್‌ಮನ್‌ರದೇ, ಆದರೆ ಒಳಗೆ ಮನುಷ್ಯನಿದ್ದದ್ದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಫಿಟರ್ ಒಬ್ಬರೇ ಅಲ್ಲಿ ಎಲ್ಲವನ್ನೂ ನಿಯಮದ ಪ್ರಕಾರ ಮಾಡಿದವರು. ಇಷ್ಟನ್ನು ಹೇಳಿದೆ. ಅಧಿಕಾರಿ ಹಳೆಯ ಹೆಸರಿಗೆ ಗೀಟು ಹಾಕಿ ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಂಡರು. ಸೈಟ್ ಇನ್‌ಚಾರ್ಜ್ ಎಂದು ನನ್ನ ಹೆಸರು ಕಾಗದದ ಮೇಲೆ ಬಂದದ್ದು ಅದೇ ಮೊದಲು.

ಫಿಟರ್ ಕರ್ತವ್ಯದ ಮೇಲಿದ್ದರೆಂದು ತೀರ್ಮಾನವಾಯಿತು. ಚಿಕಿತ್ಸೆ, ಪರಿಹಾರ, ಹೆಂಡತಿಗೆ ರಟ್ಟು ಕತ್ತರಿಸುವ ವಿಭಾಗದಲ್ಲಿ ಕೆಲಸ, ಮೂರೂ ಆದವು. ನನ್ನ ಮೇಲೆ ಪೊಲೀಸ್ ಕೇಸು ಇನ್ನೂ ನಡೆದಿದೆ. ಮುಖ್ಯಸ್ಥನಾಗಿ ಬೇರೊಬ್ಬರು ಬಂದರು, ನನ್ನನ್ನು ಮತ್ತೆ ಕಚೇರಿಯ ಕುರ್ಚಿಗೆ ಕಟ್ಟಿಹಾಕಿದರು. ಜೋಯಿಡಾದ ಹುಡುಗಿಗೆ ಇನ್ನೂ ಸೈಟು ಸಿಕ್ಕಿಲ್ಲ. ತಿಂಗಳುಗಟ್ಟಲೆ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು, ಈಗ ಕೆಲಸಕ್ಕೆ ಬೇಕಾದಷ್ಟು ಮಾತ್ರ ಆಡುತ್ತಾಳೆ. ಅವಳಿಗಾಗಿ ನಾನು ಪ್ರತಿ ಮೀಟಿಂಗಿನಲ್ಲೂ ಜಗಳ ತೆಗೆಯುತ್ತೇನೆ, ಬೈಸಿಕೊಳ್ಳುತ್ತೇನೆ, ಮುಂದಿನ ಮೀಟಿಂಗಿನಲ್ಲಿ ಮತ್ತೆ ತೆಗೆಯುತ್ತೇನೆ.

ವಿಚಾರಣೆಯ ದಿನ ಹೊರಗೆ ಬಂದಾಗ ಫಿಟರ್‌ನ ಹೆಂಡತಿ ಗೇಟಿನ ಬಳಿ ಧಾರವಾಡದ ಬಸ್ಸಿಗೆ ನಿಂತಿದ್ದರು. ಇನ್ನೊಮ್ಮೆ ಹೊಡೆಯುತ್ತಾರೇನೋ ಎಂದುಕೊಂಡು ಹತ್ತಿರ ಹೋದೆ. ಹೊಡೆದರೆ ಹೊಡೆಸಿಕೊಳ್ಳುವುದೆಂದೇ ಹೋದೆ. ಅವರು ನನ್ನ ಮೂಗಿನ ಪಟ್ಟಿಯನ್ನೊಮ್ಮೆ ನೋಡಿದರು.

"ಹೊಡದದ್ದಕ್ಕ ಮಾಫಿ ಕೇಳಂಗಿಲ್ಲ ನಾ" ಎಂದರು. "ನೀವು ಖರೇ ಹೇಳಿದ್ರಿ, ನಾ ಕೇಳಿದೆ. ಹೇಳೂದ ಇತ್ತು, ಹೇಳಿದ್ರಿ."

ನಾನು ಹೌದೆಂದೆ.

"ಬಲಗೈ ಹೋತು. ಎಡಗೈಲೆ ಉಣ್ಣೂದಿಲ್ಲ ಅಂತ ಹಟ ಹಿಡದಾರ, ನಮ್ಮ ರಿವಾಜಿನಾಗ ಇಲ್ಲ ಅದು. ಮೂರು ಹೊತ್ತೂ ನಾನ ತುತ್ತು ಮಾಡಿ ಬಾಯಾಗ ಇಡತೇನಿ. ಹೊತ್ತ ಹೊತ್ತಿಗೆ ನಿಮ್ಮನ್ನ ನೆನಸ್ತೇನಿ. ಖರೇ ಹೇಳಿದ್ರಿ ಅಂತ ಅದೇನ ನಿಲ್ಲಂಗಿಲ್ಲ."

"ನಿಲ್ಲಬಾರದ್ರಿ" ಎಂದೆ.

ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ಗಂಡನ ಊಟದ ಹೊತ್ತಾಗಿತ್ತು, ಬಸ್ಸು ಹೊರಡುವ ಮೊದಲೇ ಫೋನ್ ತೆಗೆದು, ಬರುತ್ತಿದ್ದೇನೆ, ತಟ್ಟೆ ಬಡಿಸಿ ಇಡಿ ಎಂದು ಆಸ್ಪತ್ರೆಯಲ್ಲಿ ಗಂಡನ ಹತ್ತಿರ ಇದ್ದ ನೆಂಟರಿಗೆ ಹೇಳತೊಡಗಿದರು.